ನೂರ ಐವತ್ತೆರಡೋ, ನೂರ ಇಪ್ಪತ್ತೈದೋ? ಜರ್ಮನಿಯಲ್ಲಿ ಕೆಲಸ ಹುಡುಕುವವರ ಪ್ರಶ್ನೆಗಳು

ಈ ಸಲ ಸಂಪಾದಕರು ಕಳಿಸಿದ ಪತ್ರಗಳ ಕಟ್ಟಿನಲ್ಲಿ ಹೆಚ್ಚಿನವು ಒಂದೇ ವಿಷಯದವು. ಜರ್ಮನಿಗೆ ಬಂದಿದ್ದೇವೆ, ಇಲ್ಲವೇ ಬರಬೇಕೆಂದಿದ್ದೇವೆ. ಕೆಲಸ ಹೇಗೆ ಸಿಗುತ್ತದೆ? ಭಾಷೆ ಎಷ್ಟು ಬೇಕು? ಮೊದಲೇ ಹೇಳಿಬಿಡುತ್ತೇನೆ, ನಾನು ವೀಸಾ ಆಫೀಸಿನವಳಲ್ಲ, ವಕೀಲೆಯೂ ಅಲ್ಲ. ನರ್ಸು. 2011ರಲ್ಲಿ ಎ1 ಸರ್ಟಿಫಿಕೇಟು (ಜರ್ಮನ್ ಭಾಷೆಯ ಮೊದಲ ಮೆಟ್ಟಿಲು, ಅದರ ಮೇಲೆ ಎ2, ಬಿ1, ಬಿ2 ಹೀಗೆ) ಹಿಡಿದುಕೊಂಡು ಗಂಡನ ಹಿಂದೆ ದಕ್ಷಿಣ ಜರ್ಮನಿಗೆ ಬಂದವಳು. ಈಗ ಒಂದು ಆಸ್ಪತ್ರೆಯಲ್ಲಿ ಪ್ರಾಕ್ಸಿಸ್‌ಆನ್‌ಲೈಟರಿನ್. ಹೆಸರು ಉದ್ದ, ಕೆಲಸ ಸರಳ: ನರ್ಸಿಂಗ್ ಕಲಿಯಲು ಬಂದವರಿಗೆ ವಾರ್ಡಿನಲ್ಲೇ ಪಕ್ಕದಲ್ಲಿ ನಿಂತು ಕಲಿಸುವುದು. ನನ್ನ ಹತ್ತಿರ ಕಲಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹೊರದೇಶದವರು. ಹಾಗಾಗಿ ಎಲ್ಲೆಲ್ಲಿ ಎಡವುತ್ತಾರೆ ಅಂತ ದಿನಾ ನೋಡುತ್ತೇನೆ. ನಾನು ಎಡವಿದ್ದೂ ನೆನಪಿದೆ.

ಪ್ರಶ್ನೆ: ಎಂ.ಕಾಂ. ಓದಿ ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೆ. ಮದುವೆಯಾಗಿ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಯಜಮಾನರ ಆಫೀಸಿನಲ್ಲಿ ಎಲ್ಲ ಇಂಗ್ಲಿಷೇ. "ಮೊದಲು ಬಿ2 ಮುಗಿಸು, ಆಮೇಲೆ ಕೆಲಸ ಹುಡುಕು" ಅಂತಾರೆ. ಮನೆಯಲ್ಲಿ ಕೂತು ಕೂತು ಸಾಕಾಗಿದೆ. ಅವರು ಹೇಳೋದು ಸರಿಯಾ ಮೇಡಂ?

ಅರ್ಧ ಸರಿ. ಬಿ2 ಬೇಕು, ನಿಜ. ಅದು ಆಗುವ ತನಕ ಕಾಯಬೇಕು ಅನ್ನೋದು ತಪ್ಪು. ಅದೇ ತಪ್ಪು ಮಾಡಿ ನಾನು ಎರಡು ವರ್ಷ ಕಳೆದುಕೊಂಡೆ.

ಬಿ2 ಪಾಸಾಗಿ ವಾರ್ಡಿಗೆ ಹೋದ ಮೊದಲ ವಾರದ ಕಥೆ ಕೇಳಿ. ಜೊತೆಯವಳು ಒಬ್ಬ ರೋಗಿಯ ಸಕ್ಕರೆ ನೋಡಿ ಕೋಣೆಯೊಳಗಿಂದಲೇ ಕೂಗಿದಳು: "ಹುಂಡರ್ಟ್ ತ್ಸ್ವೈ ಉಂಡ್ ಫ್ಯುನ್ಫ್‌ತ್ಸಿಗ್!" ಕಿವಿಗೆ ಬಿದ್ದ ಕ್ರಮದಲ್ಲೇ ಬರೆದೆ. ನೂರು, ಎರಡು, ಐದು. 125. ಅವಳು ಹೇಳಿದ್ದು 152. ಜರ್ಮನ್ನಿನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಐವತ್ತೆರಡು ಅನ್ನುವುದಿಲ್ಲ, "ಎರಡು ಮತ್ತು ಐವತ್ತು" ಅನ್ನುತ್ತಾರೆ. ಪುಣ್ಯಕ್ಕೆ ಅವಳೇ ಬಂದು ಹಾಳೆ ನೋಡಿದಳು, ಏನೂ ಅನಾಹುತ ಆಗಲಿಲ್ಲ. ಮುಖ ಮಾತ್ರ ಸುಟ್ಟ ಹಾಗಾಯಿತು.

ಈ ನಿಯಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎ1 ಪುಸ್ತಕದ ಮೊದಲ ಪಾಠಗಳಲ್ಲೇ ಬರುತ್ತದೆ. ಮೇಜಿನ ಮುಂದೆ ಕೂತಾಗ ಗೊತ್ತಿತ್ತು. ಕೈಯಲ್ಲಿ ಟ್ರೇ ಇದ್ದು, ಎರಡು ಬೆಲ್ಲು ಹೊಡೆದುಕೊಳ್ಳುತ್ತಿದ್ದಾಗ ಗೊತ್ತಿರಲಿಲ್ಲ. ಆ ಎರಡನೆಯದನ್ನು ಕಲಿಸುವ ಕ್ಲಾಸು ಎಲ್ಲೂ ಇಲ್ಲ, ಕೆಲಸದಲ್ಲೇ ಕಲಿಯಬೇಕು. ಈಗ ನನ್ನ ಮಕ್ಕಳಿಗೆ (ಕಲಿಯಲು ಬಂದವರನ್ನು ಹಾಗೇ ಕರೆಯುತ್ತೇನೆ) ಮೊದಲ ದಿನವೇ ಹೇಳುತ್ತೇನೆ: ಸಂಖ್ಯೆ ಕೇಳಿದ ಕೂಡಲೇ ಒಂದೊಂದೇ ಅಂಕಿಯಾಗಿ ತಿರುಗಿ ಹೇಳಿ. ಐನ್ಸ್, ಫ್ಯುನ್ಫ್, ತ್ಸ್ವೈ. ಯಾರೂ ನಗುವುದಿಲ್ಲ. ಹಳೇ ಜರ್ಮನ್ ನರ್ಸುಗಳೂ ಹಾಗೇ ಮಾಡುತ್ತಾರೆ. ನಿಮ್ಮದು ಅಕೌಂಟ್ಸು, ದಿನವಿಡೀ ಅಂಕಿಗಳೇ. ಇದನ್ನು ಇವತ್ತೇ ಶುರುಮಾಡಿ.

ಈಗ ಕ್ಲಾಸಿನ ವಿಷಯ. ಇಂಟೆಗ್ರಾಟ್ಸಿಯೋನ್ಸ್‌ಕುರ್ಸ್ ಅಂತ ಸರ್ಕಾರದ್ದೇ ಕೋರ್ಸಿದೆ. 2005ರಲ್ಲಿ ಕಾನೂನಾಗಿ ಬಂದದ್ದು. ಮಾಮೂಲಿ ಕೋರ್ಸಿನಲ್ಲಿ 600 ಪಾಠ ಭಾಷೆಗೆ, 100 ಪಾಠ ಈ ದೇಶದ ಕಾನೂನು, ಇತಿಹಾಸ, ರೀತಿನೀತಿಗೆ. ಒಂದು ಪಾಠ ಅಂದರೆ 45 ನಿಮಿಷ. ಕೊನೆಗೆ ಬಿ1ರ ತನಕದ ಪರೀಕ್ಷೆ, ಜೊತೆಗೆ 33 ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಕುಟುಂಬದ ವೀಸಾದಲ್ಲಿ ಬಂದವರಿಗೆ ಇದಕ್ಕೆ ಸೇರುವ ಹಕ್ಕಿದೆ, ಆದರೆ ರೆಸಿಡೆನ್ಸ್ ಕಾರ್ಡು ಸಿಕ್ಕ ಒಂದು ವರ್ಷದ ನಂತರ ಆ ಹಕ್ಕು ಹೋಗುತ್ತದೆ. ನಿಮಗೆ ಈಗಲೇ ಎಂಟು ತಿಂಗಳು. ಲೆಕ್ಕ ಹಾಕಿಕೊಳ್ಳಿ. ವಿದೇಶಿಯರ ಕಚೇರಿಗೆ ಹೋಗಿ ಬೆರೆಶ್ಟಿಗುಂಗ್, ಅಂದರೆ ಅರ್ಹತೆಯ ಪತ್ರ ಕೇಳಿ. "ನೀವು ಪದವೀಧರರು, ನಿಮಗೆ ಬೇಕಾಗಿಲ್ಲ" ಅನ್ನಬಹುದು. ಸುಮ್ನೆ ತಲೆಯಾಡಿಸಿ ಬರಬೇಡಿ. "ಭಾಷೆ ಬಾರದೆ ಓದಿಗೆ ತಕ್ಕ ಕೆಲಸ ಸಿಗುತ್ತಿಲ್ಲ" ಅಂತ ಸ್ಪಷ್ಟವಾಗಿ ಹೇಳಿ.

ಬಿ1 ಆದಮೇಲೆ ಬೆರುಫ್ಸ್‌ಶ್ಪ್ರಾಖ್‌ಕುರ್ಸ್, ಅಂದರೆ ಕೆಲಸದ ಭಾಷೆಯ ಕೋರ್ಸು. ಇದು 2016ರಿಂದ ಇದೆ. ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವರು ಅಂತ ಹೆಸರು ಬರೆಸಿ ಇದನ್ನು ಕೇಳಬಹುದು.

ಇದರ ಜೊತೆಜೊತೆಗೇ ಕೆಲಸ. ನಿಮ್ಮ ರೆಸಿಡೆನ್ಸ್ ಕಾರ್ಡು ತೆಗೆದು ನೋಡಿ. "ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್" ಅಂತ ಬರೆದಿದ್ದರೆ ಯಾವ ಕೆಲಸ ಬೇಕಾದರೂ ಮಾಡಬಹುದು. ಎಷ್ಟೋ ಹೆಂಗಸರು ಆ ಸಾಲು ಓದಿಯೇ ಇರುವುದಿಲ್ಲ. ತೆರಿಗೆ ಸಲಹೆಗಾರರ ಸಣ್ಣ ಕಚೇರಿಗಳಲ್ಲಿ ನಾಲ್ಕು ವಾರದ ಪ್ರಾಕ್ಟಿಕುಮ್, ಅಂದರೆ ಕಲಿಯುವುದಕ್ಕಾಗಿ ಮಾಡುವ ಕೆಲಸ ಕೇಳಿ. ಟ್ಯಾಲಿ ಗೊತ್ತಿದ್ದವರಿಗೆ ಇಲ್ಲಿ ಡಾಟೆವ್. ಸಾಫ್ಟ್‌ವೇರ್ ಬೇರೆ, ಡೆಬಿಟ್ ಕ್ರೆಡಿಟ್ ಅದೇ. ಅದಕ್ಕಿಲ್ಲಿ ಜೋಲ್, ಹಾಬೆನ್ ಅನ್ನುತ್ತಾರೆ. ಬಿಲ್ಲಿಗೆ ರೆಶ್ನುಂಗ್, ವೋಚರಿಗೆ ಬೆಲೆಗ್, ಬಾಕಿ ಕೇಳುವ ಪತ್ರಕ್ಕೆ ಮಾನುಂಗ್. ಇಂಥ ಐವತ್ತು ಪದ ಬಾಯಿಗೆ ಬಂದರೆ ಸಂದರ್ಶನದಲ್ಲಿ ನಿಮ್ಮ ವ್ಯಾಕರಣದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಎಂ.ಕಾಂ.ಗೆ ಇಲ್ಲಿ ಯಾವ ಮಟ್ಟ ಅಂತ ಬಾನ್‌ನಲ್ಲಿರುವ ಜೆಡ್‌ಎಬಿ ಕಚೇರಿಯಿಂದ ಒಂದು ಹೋಲಿಕೆಯ ಪತ್ರ ತರಿಸಿಕೊಳ್ಳಿ. ಅರ್ಜಿಯ ಜೊತೆ ಇಡಲು ಒಳ್ಳೆಯದು.

ಪ್ರಶ್ನೆ: ಮೊಬೈಲ್ ಆ್ಯಪ್ ಇರುವಾಗ ಕ್ಲಾಸ್ ಯಾಕೆ? ಫೋನ್ ಎಲ್ಲವನ್ನೂ ಅನುವಾದ ಮಾಡುತ್ತದೆ ಅಲ್ವಾ?

ಮಾಡುತ್ತದೆ. ಮೇಲಧಿಕಾರಿ ಫೋನಿನಲ್ಲಿ "ಹಾಲ್ಬ್ ದ್ರೈಗೆ ಬಾ" ಅಂತ ಹೇಳಿ ಇಟ್ಟುಬಿಟ್ಟರೆ ಏನು ಮಾಡುತ್ತೀರಿ? ಹಾಲ್ಬ್ ಅಂದರೆ ಅರ್ಧ, ದ್ರೈ ಅಂದರೆ ಮೂರು. ಮೂರೂವರೆ ಅಂದುಕೊಂಡು ಹೋದರೆ ಒಂದು ಗಂಟೆ ತಡ. ಅದು ಎರಡೂವರೆ. ಮೂರರ ಕಡೆಗೆ ಅರ್ಧ ನಡೆದಿದೆ ಅನ್ನುವ ಲೆಕ್ಕ. ನಮ್ಮ ಕಡೆಯ ಜರ್ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ, ಎರಡೂ ಮುಕ್ಕಾಲಿಗೆ "ಮುಕ್ಕಾಲು ಮೂರು" ಅನ್ನುತ್ತಾರೆ.

ಆ್ಯಪ್ ಬೇಡ ಅನ್ನುತ್ತಿಲ್ಲ. ಬಸ್ಸಿನಲ್ಲಿ ಪದ ಕಲಿಯಲು ನಾನೂ ಬಳಸಿದ್ದೇನೆ. ಆದರೆ ಅದು ಎದುರು ಮಾತಾಡುವುದಿಲ್ಲ, ಆತುರ ಪಡುವುದಿಲ್ಲ, ಕೆಮ್ಮುತ್ತಾ ಮಾತಾಡುವುದಿಲ್ಲ. ನನ್ನ ರೋಗಿಗಳು ಮೂರನ್ನೂ ಮಾಡುತ್ತಾರೆ.

ಪ್ರಶ್ನೆ: ಅಕ್ಕಾ, ನಾನು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ. ಏಜೆಂಟರೊಬ್ಬರು ಐದು ಲಕ್ಷ ಕೊಟ್ಟರೆ ಆರು ತಿಂಗಳಲ್ಲಿ ಜರ್ಮನಿಗೆ ಕಳಿಸುತ್ತೇನೆ, ಭಾಷೆಯನ್ನು ಅಲ್ಲೇ ಹೋಗಿ ಕಲಿಯಬಹುದು ಅನ್ನುತ್ತಿದ್ದಾರೆ. ಅಪ್ಪ ಸಾಲ ಮಾಡಲು ಹೊರಟಿದ್ದಾರೆ. ಏನು ಮಾಡಲಿ?

ಮೊದಲು ಅಪ್ಪನನ್ನು ನಿಲ್ಲಿಸು ತಂಗಿ.

ನಮ್ಮ ದೇಶದ 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಐದು ಲಕ್ಷ ಎಲ್ಲಿಂದ ಬಂತು? ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರಿದೆಯಾ ಅಂತ ಹುಡುಕು. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ವಿಷಯ: ಜರ್ಮನಿಗೆ ನರ್ಸುಗಳು ಬೇಕೇ ಬೇಕು. ನರ್ಸಿನಿಂದ ಹಣ ಕೇಳದೆ ಖರ್ಚನ್ನೆಲ್ಲ ಆಸ್ಪತ್ರೆಯೇ ಹೊರುವ ದಾರಿಗಳಿವೆ. ಇಲ್ಲಿನ ಉದ್ಯೋಗ ಸಂಸ್ಥೆ ಮತ್ತು ಜರ್ಮನ್ ಸರ್ಕಾರದ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜಿಐಜೆಡ್ ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆ ಅಂಥದ್ದೇ, ಕೇರಳದಿಂದ ಆ ದಾರಿಯಲ್ಲಿ ನರ್ಸುಗಳು ಬಂದಿದ್ದಾರೆ. ನರ್ಸುಗಳಿಂದ ದುಡ್ಡು ಕೀಳದ ಏಜೆನ್ಸಿಗಳಿಗೆ ಕೊಡುವ ಸರ್ಕಾರಿ ಮುದ್ರೆಯೂ ಒಂದಿದೆ, "ಫೈರೆ ಆನ್‌ವೆರ್ಬುಂಗ್ ಪ್ಫ್ಲೇಗೆ ಡಾಯ್ಚ್‌ಲಾಂಡ್" ಅಂತ. ಅದು ಇದೆಯಾ ಅಂತ ಕೇಳು. ಏಜೆಂಟ್ ತಡವರಿಸಿದರೆ ನಿನಗೆ ಉತ್ತರ ಸಿಕ್ಕಿತು.

ಭಾಷೆಯನ್ನು "ಅಲ್ಲೇ ಹೋಗಿ" ಅನ್ನುವ ಮಾತು. 2024ರ ಮಾರ್ಚಿನಿಂದ ಹೊಸದೊಂದು ನಿಯಮ ಬಂದಿದೆ, ಆಸ್ಪತ್ರೆ ಒಪ್ಪಿದರೆ ಎ2 ಇಟ್ಟುಕೊಂಡೇ ಬಂದು, ಇಲ್ಲಿ ಕೆಲಸ ಮಾಡುತ್ತಾ ಡಿಗ್ರಿಗೆ ಮಾನ್ಯತೆ ಪಡೆಯಬಹುದು. ಏಜೆಂಟ್ ಬಹುಶಃ ಇದನ್ನೇ ಮಾರುತ್ತಿದ್ದಾರೆ. ಹೇಳದೇ ಬಿಟ್ಟ ಭಾಗ ಇಲ್ಲಿದೆ: ಪೂರ್ತಿ ನರ್ಸು ಅಂತ ಉರ್ಕುಂಡೆ, ಅಂದರೆ ಅಧಿಕೃತ ಪ್ರಮಾಣಪತ್ರ ಕೈಗೆ ಬರಬೇಕಾದರೆ ಬಿ2 ಬೇಕು. ಅದು ಬರುವ ತನಕ ನೀನು ಸಹಾಯಕಿ, ಸಂಬಳವೂ ಸಹಾಯಕಿಯದೇ. ಶಿಫ್ಟು ಮುಗಿಸಿ ಬಂದು ರಾತ್ರಿ ವ್ಯಾಕರಣ ಓದಿದವರನ್ನು ನಾನು ನೋಡಿದ್ದೇನೆ. ಓದುತ್ತಾರೆ, ಆದರೆ ಕಣ್ಣ ಕೆಳಗೆ ಕಪ್ಪು ಬಿದ್ದಿರುತ್ತದೆ. ಬೆಂಗಳೂರಿನ ಗ್ಯೋಥೆ ಇನ್‌ಸ್ಟಿಟ್ಯೂಟ್‌ನಲ್ಲೋ (ಮ್ಯಾಕ್ಸ್ ಮುಲ್ಲರ್ ಭವನ ಅಂದರೆ ಎಲ್ಲರಿಗೂ ಗೊತ್ತು) ಬೇರೆ ಒಳ್ಳೆಯ ಕಡೆಯೋ ಬಿ1 ಮುಗಿಸಿ ಹೊರಡು. ಅಪ್ಪ ಐದು ಲಕ್ಷ ಸಾಲ ಮಾಡುವಷ್ಟು ಖರ್ಚು ಅದಕ್ಕಿಲ್ಲ.

ಮಾನ್ಯತೆಯ ದಾರಿ ಹೀಗೆ. ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀಯೋ ಆ ರಾಜ್ಯದ ಕಚೇರಿಗೆ ಅರ್ಜಿ. ಡಿಗ್ರಿ, ಅಂಕಪಟ್ಟಿ, ಯಾವ ವಿಷಯಕ್ಕೆ ಎಷ್ಟು ಗಂಟೆ ಅನ್ನುವ ಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಎಲ್ಲದರ ಅಧಿಕೃತ ಅನುವಾದ. ಅವರು ನಿನ್ನ ಓದನ್ನು ಇಲ್ಲಿನ ಓದಿನ ಜೊತೆ ಹೋಲಿಸಿ ಇಂತಿಂಥದ್ದು ಕಡಿಮೆ ಇದೆ ಅಂತ ಪತ್ರ ಕೊಡುತ್ತಾರೆ. ಅದಕ್ಕೆ ಇಲ್ಲಿ ಬಾಯಿಮಾತಿನಲ್ಲಿ ಡೆಫಿಸಿಟ್ ಬೆಶೈಡ್ ಅಂತಾರೆ. ಓದಿ ಅಳಬೇಡ, ನಾನು 2013ರಲ್ಲಿ ಅತ್ತಿದ್ದೆ. ಅದು ಫೇಲ್ ಅಲ್ಲ. ಆ ಕೊರತೆಯನ್ನು ತುಂಬಲು ಎರಡು ದಾರಿ: ಒಂದು ಪರೀಕ್ಷೆಗೆ ಕೂರುವುದು, ಇಲ್ಲವೇ ಕೆಲವು ತಿಂಗಳ ಹೊಂದಾಣಿಕೆ ತರಬೇತಿ. ನಾನು ತರಬೇತಿ ತೆಗೆದುಕೊಂಡೆ. ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ತರಬೇತಿಯಲ್ಲಿ ವಾರ್ಡಿನ ಮಾತು ಕಿವಿಗೆ ಬೀಳುತ್ತದೆ. ಐಸಿಯುನಲ್ಲಿ ಕೆಲಸ ಮಾಡಿದವಳಿಗೆ ಯಂತ್ರಗಳು ಹೊಸದಲ್ಲ, ಮಾತೇ ಹೊಸದು.

ಮಾತು ಅಂದಾಗ ಹೋದ ವರ್ಷದ ಒಂದು ಹುಡುಗಿ ನೆನಪಾದಳು. ಹಿರಿಯ ನರ್ಸ್ ಅವಳನ್ನು ಕರೆದು, ಏಳನೇ ಕೋಣೆಯ ಅಜ್ಜಿಗೆ "ಶ್ಟೂಲ್" ಆಯಿತಾ ನೋಡು ಅಂದರು. ಹುಡುಗಿ ಹೋಗಿ ಅಜ್ಜಿಯ ಪಕ್ಕ ಒಂದು ಕುರ್ಚಿ ಇಟ್ಟು, "ಆಯಿತು" ಅಂತ ಬಂದು ಹೇಳಿದಳು. ಶ್ಟೂಲ್ ಅಂದರೆ ಕುರ್ಚಿ. ಕ್ಲಾಸಿನಲ್ಲಿ ಹಾಗೇ ಕಲಿಸಿದ್ದರು. ಆಸ್ಪತ್ರೆಯಲ್ಲಿ ಅದು ಮಲವಿಸರ್ಜನೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಹಾಳೆ ತೆಗೆದು ನೋಡಿದರೆ ಅಜ್ಜಿಯ ಹೆಸರಿನ ಮುಂದೆ ಆಗಲೇ ಟಿಕ್ ಬಿದ್ದಿತ್ತು. ಅಜ್ಜಿಗೆ ಮೂರು ದಿನದಿಂದ ಮಲಬದ್ಧತೆ! ಆ ಟಿಕ್ ಹಾಗೇ ಉಳಿದಿದ್ದರೆ ಔಷಧಿಯೇ ಸಿಗುತ್ತಿರಲಿಲ್ಲ.

ಇನ್ನೊಂದು ವಿಷಯಕ್ಕೆ ಈಗಲೇ ಮನಸ್ಸು ಗಟ್ಟಿಮಾಡಿಕೋ. ಇಲ್ಲಿ ಓದಿದ ನರ್ಸೇ ರೋಗಿಯ ಮೈ ಒರೆಸುತ್ತಾಳೆ, ಹಲ್ಲಿನ ಸೆಟ್ ತೊಳೆಯುತ್ತಾಳೆ, ಊಟ ಮಾಡಿಸುತ್ತಾಳೆ. ನೆಂಟರು ಪಕ್ಕದಲ್ಲಿ ಇರುವುದಿಲ್ಲ, ಆಯಾ ಅಂತ ಬೇರೆ ಯಾರೂ ಇಲ್ಲ. ರಕ್ತ ತೆಗೆಯುವಂಥ ಕೆಲವು ಕೆಲಸ ಎಷ್ಟೋ ಕಡೆ ಡಾಕ್ಟರೇ ಮಾಡುತ್ತಾರೆ. "ನಾಲ್ಕು ವರ್ಷ ಓದಿದ್ದು ಇದಕ್ಕಾ?" ಅಂತ ನಮ್ಮ ಹುಡುಗಿಯರು ಮೊದಲ ತಿಂಗಳು ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಾರೆ. ಮೈ ಒರೆಸುವ ಆ ಇಪ್ಪತ್ತು ನಿಮಿಷದಲ್ಲೇ ನಾನು ಜರ್ಮನ್ ಕಲಿತದ್ದು. ಅಜ್ಜ ಅಜ್ಜಿಯರಿಗೆ ಬೇರೆ ಯಾರೂ ಮಾತಿಗೆ ಸಿಗುವುದಿಲ್ಲ, ನಿಧಾನಕ್ಕೆ ಮಾತಾಡುತ್ತಾರೆ, ತಪ್ಪಿದರೆ ತಿದ್ದುತ್ತಾರೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಮಧ್ಯದಲ್ಲಿ ಕೆಲಸ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು ಅನ್ನುವ ಸಾಲನ್ನು ಹುಡುಕಿ ಓದು. ಇದ್ದೇ ಇರುತ್ತದೆ, ಸಾಮಾನ್ಯವಾಗಿ ಕೊನೆಯ ಪುಟದಲ್ಲಿ.

ಪ್ರಶ್ನೆ: ಐಟಿಐ ಎಲೆಕ್ಟ್ರಿಷಿಯನ್, ಎರಡು ವರ್ಷದ ಕೋರ್ಸ್. ದುಬೈಯಲ್ಲಿ ಒಂಬತ್ತು ವರ್ಷ ಅನುಭವ. ಜರ್ಮನಿಯಲ್ಲಿ ನಮ್ಮ ಐಟಿಐಗೆ ಬೆಲೆ ಇದೆಯೇ? ಹಳೆಯ ಕಂಪನಿಯೊಂದು ಮುಚ್ಚಿಹೋಗಿದೆ, ಅಲ್ಲಿನ ಅನುಭವ ಪತ್ರವೂ ಇಲ್ಲ.

ಬೆಲೆ ಇದೆ, ಪೂರ್ತಿ ಅಲ್ಲ. ಇಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮೂರೂವರೆ ವರ್ಷ. ನಿಮ್ಮದು ಎರಡು. ಆದ್ದರಿಂದ "ಭಾಗಶಃ ಸಮಾನ" ಅಂತ ಬರುವ ಸಾಧ್ಯತೆಯೇ ಜಾಸ್ತಿ. ಆದರೆ ನಿಮ್ಮ ಒಂಬತ್ತು ವರ್ಷದ ಅನುಭವವನ್ನೂ ತಕ್ಕಡಿಗೆ ಹಾಕುತ್ತಾರೆ. 2012ರ ಏಪ್ರಿಲ್‌ನಲ್ಲಿ ಬಂದ ಮಾನ್ಯತೆ ಕಾನೂನು ಹೇಳುವುದು ಅದನ್ನೇ. ಅರ್ಜಿ ಎಲ್ಲಿಗೆ ಅಂದರೆ, ಕಾರ್ಖಾನೆಯ ಕಡೆಯ ಕಸುಬಾದರೆ ನ್ಯೂರೆಂಬರ್ಗ್‌ನ ಐಹೆಚ್‌ಕೆ ಫೋಸಾ ಕಚೇರಿ, ಕಟ್ಟಡದ ವೈರಿಂಗ್ ಕಡೆಯದಾದರೆ ಆಯಾ ಊರಿನ ಕುಶಲಕರ್ಮಿಗಳ ಮಂಡಳಿ. ಪತ್ರ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. ಕ್ವಾಲಿಫಿಕಾಟ್ಸಿಯೋನ್ಸ್ ಅನಾಲ್ಯೂಸೆ ಅಂತ ಒಂದು ಕ್ರಮವಿದೆ. ಕಸುಬಿನವರ ಮುಂದೆ ಕೆಲಸ ಮಾಡಿ ತೋರಿಸುವುದು, ಅದರ ಬಗ್ಗೆ ಮಾತಾಡುವುದು. ಕಾಗದಕ್ಕಿಂತ ಕೈ ನಂಬುವ ಪದ್ಧತಿ ಇದು, ನನಗೆ ಬಹಳ ಇಷ್ಟ.

2024ರಿಂದ ಇನ್ನೊಂದು ದಾರಿಯೂ ತೆರೆದಿದೆ. ಸರ್ಕಾರಿ ಮಾನ್ಯತೆಯ ಎರಡು ವರ್ಷದ ತರಬೇತಿ, ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವ, ಜೊತೆಗೆ ನಿಗದಿಯಾದ ಮಟ್ಟಕ್ಕಿಂತ ಮೇಲಿನ ಸಂಬಳದ ಕೆಲಸ ಕೈಯಲ್ಲಿದ್ದರೆ, ಪೂರ್ತಿ ಮಾನ್ಯತೆ ಇಲ್ಲದೆಯೂ ವೀಸಾ ಸಿಗಬಹುದು. ನಿಮ್ಮ ಐಟಿಐ ಸರ್ಕಾರಿ ಮಾನ್ಯತೆಯದು ಅನ್ನುವ ಪತ್ರವನ್ನು ಮೇಲೆ ಹೇಳಿದ ಜೆಡ್‌ಎಬಿಯಿಂದ ತರಿಸಬೇಕು. ಸಂಬಳದ ಆ ಮಟ್ಟ ವರ್ಷ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ದಿನ ನೋಡಿಕೊಳ್ಳಿ.

ನಮ್ಮ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹತ್ತಿರ ನಿಮ್ಮ ಪ್ರಶ್ನೆ ಹೇಳಿದೆ. "ಭಾಷೆ ಎಷ್ಟು ಬೇಕು?" ಅಂತ ಕೇಳಿದರೆ, "ಐದು ಸುರಕ್ಷತಾ ನಿಯಮ ಜರ್ಮನ್ನಿನಲ್ಲಿ, ಕ್ರಮ ತಪ್ಪದೆ ಹೇಳಲಿ. ಆಮೇಲೆ ಉಳಿದ ಮಾತು" ಅಂದ. ನೀವೂ ಮಾಡುವುದೇ ಅದು: ಲೈನ್ ಬಿಡಿಸು, ಮತ್ತೆ ಯಾರೂ ಆನ್ ಮಾಡದ ಹಾಗೆ ಬೀಗ ಹಾಕು, ಕರೆಂಟ್ ಇಲ್ಲ ಅಂತ ಪರೀಕ್ಷಿಸು, ಅರ್ಥಿಂಗ್ ಮಾಡಿ ಶಾರ್ಟ್ ಮಾಡು, ಪಕ್ಕದಲ್ಲಿ ಕರೆಂಟಿರುವ ಭಾಗ ಮುಚ್ಚು. ಅದನ್ನೇ ಇಲ್ಲಿ ಫ್ರೈಶಾಲ್ಟೆನ್ ಅಂತ ಶುರುಮಾಡುತ್ತಾರೆ. ಐದನ್ನೂ ಬಾಯಿಪಾಠ ಮಾಡಿ. ನಿಮ್ಮ ಮೊದಲ ಜರ್ಮನ್ ಪಾಠ "ನನ್ನ ಹೆಸರು ಇಂಥದ್ದು" ಆಗಬೇಕಾಗಿಲ್ಲ.

ಪ್ರಶ್ನೆ: ಮಗ ಪಿಯುಸಿ ಪಾಸಾಗಿದ್ದಾನೆ. ಜರ್ಮನಿಯಲ್ಲಿ ಫೀಸಿಲ್ಲದೆ, ಸಂಬಳ ಕೊಟ್ಟು ಕಲಿಸುತ್ತಾರಂತೆ. ನಿಜವೇ?

ನಿಜ. ಅದರ ಹೆಸರು ಔಸ್‌ಬಿಲ್ಡುಂಗ್. ಮುನ್ನೂರಕ್ಕೂ ಹೆಚ್ಚು ಕಸುಬುಗಳಿವೆ. ಹೆಚ್ಚಿನವು ಎರಡರಿಂದ ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ಬೆರುಫ್ಸ್‌ಶೂಲೆ ಅನ್ನುವ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಮೊದಲು ಕಂಪನಿಯ ಒಪ್ಪಂದ ಕೈಗೆ ಬರಬೇಕು, ಸಾಮಾನ್ಯವಾಗಿ ಬಿ1 ಕೇಳುತ್ತಾರೆ. ಆದರೆ ಮಗನನ್ನು ಒಂದು ಪ್ರಶ್ನೆ ಕೇಳಿ: ವಾರವಾರ ಏನು ಕೆಲಸ ಮಾಡಿದೆ ಅಂತ ಜರ್ಮನ್ನಿನಲ್ಲಿ ಬರೆಯುತ್ತೀಯಾ? ಬೆರಿಶ್ಟ್‌ಹೆಫ್ಟ್ ಅನ್ನುವ ಆ ವರದಿ ಪುಸ್ತಕ ಪೂರ್ತಿಯಾಗದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ನಾನು ನೋಡಿದ ಹುಡುಗರಿಗೆ ಸ್ಪ್ಯಾನರ್ ಹಿಡಿಯುವುದು ಎಂದೂ ಕಷ್ಟವಾಗಲಿಲ್ಲ. ಶುಕ್ರವಾರ ಸಂಜೆ ಆ ಪುಸ್ತಕ ತೆರೆಯುವುದೇ ಕಷ್ಟ.

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಹ್ಯಾಂಬರ್ಗ್‌ನ ಒಂದು ಕ್ಯಾಂಟೀನ್ ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಪಾತ್ರೆ ತೊಳೆಯಲು ಸೇರಿದ್ದು, ಈಗ ದಿನಾ 200 ಜನರ ಅಡುಗೆ ನಾನೇ ಮಾಡುತ್ತೇನೆ. ಕಾಗದದಲ್ಲಿ ಇನ್ನೂ ಸಹಾಯಕಿ. ಹೊಸದಾಗಿ ಬಂದ ಹುಡುಗನಿಗೆ ನಾನೇ ಕಲಿಸಿದೆ, ಅವನ ಸಂಬಳ ನನಗಿಂತ ಜಾಸ್ತಿ. ಮಾತಾಡಲು ಹೋದರೆ ವ್ಯಾಕರಣ ತಪ್ಪುತ್ತದೆ, ನಾಚಿಕೆಯಾಗುತ್ತದೆ. ಈ ವಯಸ್ಸಿನಲ್ಲಿ ಇನ್ನೇನು ಕಲಿಯೋದು?

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮಗೆ ಹೊಸದಾಗಿ ಕಲಿಯುವುದು ಬಹಳ ಇಲ್ಲ. ಕಲಿತದ್ದಕ್ಕೆ ಕಾಗದ ಬೇಕು, ಅಷ್ಟೆ.

ಇಲ್ಲಿನ ಕಾನೂನಿನಲ್ಲಿ ಎಕ್ಸ್‌ಟೆರ್ನೆನ್‌ಪ್ರ್ಯೂಫುಂಗ್ ಅಂತ ಒಂದಿದೆ. ತರಬೇತಿಗೆ ಸೇರದೆಯೇ ಕೊನೆಯ ಪರೀಕ್ಷೆಗೆ ನೇರವಾಗಿ ಕೂರುವುದು. ನಮ್ಮಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುತ್ತಿದ್ದರಲ್ಲ, ಹಾಗೆ. ಆ ಕಸುಬಿನ ತರಬೇತಿ ಎಷ್ಟು ವರ್ಷವೋ ಅದರ ಒಂದೂವರೆ ಪಟ್ಟು ಕೆಲಸ ಮಾಡಿರಬೇಕು. ಅಡುಗೆಯವರ ತರಬೇತಿ ಮೂರು ವರ್ಷ, ಅದರ ಒಂದೂವರೆ ಪಟ್ಟು ಅಂದರೆ ನಾಲ್ಕೂವರೆ. ನಿಮ್ಮದು ಒಂಬತ್ತು. ಪಾತ್ರೆ ತೊಳೆದ ವರ್ಷಗಳನ್ನು ತೆಗೆದರೂ ಉಳಿಯುತ್ತದೆ ಅಂದುಕೊಳ್ಳುತ್ತೇನೆ. ಪಾಸಾದರೆ ಸಿಗುವುದು ಮೂರು ವರ್ಷ ಕಲಿತವರಿಗೆ ಸಿಗುವ ಅದೇ ಸರ್ಟಿಫಿಕೇಟು. ಲಿಖಿತ ಪರೀಕ್ಷೆ ಆಗದು ಅನ್ನಿಸಿದರೆ ಇನ್ನೊಂದು ಕ್ರಮ 2025ರ ಜನವರಿಯಿಂದ ಬಂದಿದೆ. 25 ದಾಟಿದ, ಕಾಗದವಿಲ್ಲದ ಕೆಲಸಗಾರರ ಅನುಭವವನ್ನೇ ಅಳೆದು ಪತ್ರ ಕೊಡುವುದು. ಎರಡಕ್ಕೂ ಹ್ಯಾಂಬರ್ಗ್‌ನ ವಾಣಿಜ್ಯ ಮಂಡಳಿಯಲ್ಲೇ, ಅಂದರೆ ಹಾಂಡೆಲ್ಸ್‌ಕಮ್ಮರ್‌ನಲ್ಲೇ ಕೇಳಬೇಕು.

ತೊಡಕು ಎಲ್ಲಿ ಬರುತ್ತದೆ ಅಂದರೆ, ನೀವೇ ಬರೆದಿದ್ದೀರಿ, ಕಾಗದದಲ್ಲಿ ನೀವು ಸಹಾಯಕಿ. ಅಡುಗೆ ಮಾಡಿದ್ದೇನೆ ಅಂತ ನೀವು ತೋರಿಸಬೇಕು. ಅದಕ್ಕೆ ಕೆಲಸ ಕೊಟ್ಟವರಿಂದ ತ್ಸ್ವಿಶೆನ್‌ತ್ಸೊಯ್ಗ್ನಿಸ್ ಕೇಳಿ. ಕೆಲಸದಲ್ಲಿರುವಾಗಲೇ ಕೊಡುವ ಪ್ರಮಾಣಪತ್ರ ಅದು. "ಒಳ್ಳೆಯ ಕೆಲಸಗಾರ್ತಿ" ಅಂತ ಎರಡು ಸಾಲು ಬರೆದು ಕೊಟ್ಟರೆ ತೆಗೆದುಕೊಳ್ಳಬೇಡಿ. ಏನೇನು ಮಾಡುತ್ತೀರಿ ಅನ್ನುವುದು ಒಂದೊಂದಾಗಿ ಇರಬೇಕು: ಸೂಪು, ಸಾಸು, ಮಾಂಸ ಬೇಯಿಸುವುದು, ಸಾಮಾನಿನ ಆರ್ಡರ್ ಹಾಕುವುದು, ಹೊಸಬರಿಗೆ ಕಲಿಸುವುದು. ಪಟ್ಟಿಯನ್ನು ನೀವೇ ಮೊದಲು ಬರೆದುಕೊಂಡು ಹೋಗಿ. ಕನ್ನಡದಲ್ಲೇ ಬರೆಯಿರಿ, ಆಮೇಲೆ ಯಾರಾದರೂ ತಿರುಗಿಸಿ ಕೊಡುತ್ತಾರೆ. ಯಾಕೆ ಕೇಳುತ್ತೀಯ ಅಂದರೆ ಪರೀಕ್ಷೆಗೆ ಅಂತ ಹೇಳಿ, ಮುಚ್ಚಿಡಬೇಕಾದ ವಿಷಯ ಅಲ್ಲ.

ನಾಚಿಕೆಯ ಬಗ್ಗೆ ಒಂದು ಮಾತು. ಬೆಳಗ್ಗೆ ಫ್ರಿಜ್ಜಿನ ತಾಪಮಾನದ ಹಾಳೆ ತುಂಬುವವರು ಯಾರು? ನೀವೇ ಇರಬೇಕು. ಬಿಸಿ ಅಡುಗೆ ಎಷ್ಟು ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅಂತ ಆ ಹುಡುಗನಿಗೆ ಯಾವ ಭಾಷೆಯಲ್ಲಿ ಹೇಳಿದಿರಿ? ಬಿಸಿ ಪಾತ್ರೆ ಹಿಡಿದು ಹಿಂದಿನಿಂದ ಬರುವಾಗ ಏನಂತ ಕೂಗುತ್ತೀರಿ? ಅಡುಗೆಮನೆಯ ಜರ್ಮನ್ ನಿಮಗೆ ಬರುತ್ತದೆ. ಬಾರದಿರುವುದು ಆಫೀಸಿನ ಜರ್ಮನ್. ಅದು ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಜರ್ಮನ್ನರಿಗೂ ಸರಿಯಾಗಿ ಬರುವುದಿಲ್ಲ, ತೆರಿಗೆ ಕಚೇರಿಯ ಪತ್ರ ಬಂದಾಗ ನನ್ನ ಎದುರೇ ತಲೆ ಕೆರೆದುಕೊಳ್ಳುತ್ತಾರೆ.

ವ್ಯಾಕರಣದಲ್ಲಿ ನಮಗೆ ಒಂದು ಅನುಕೂಲವೂ ಇದೆ, ಯಾರೂ ಹೇಳುವುದಿಲ್ಲ. "ಯಾಕೆಂದರೆ" ಅಂತ ಶುರುಮಾಡಿದರೆ ಜರ್ಮನ್ನಿನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಿಂದ ಬಂದವರಿಗೆ ಅದು ತಲೆನೋವು. ನಾವು ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೇ ಇಟ್ಟವರು. ನೀನು-ನೀವು ವ್ಯತ್ಯಾಸವೂ ಇಲ್ಲಿ ಹಾಗೇ ಇದೆ. ಆದ್ದರಿಂದ ಜರ್ಮನ್ ಮಾತಾಡುವಾಗ ಮನಸ್ಸಿನಲ್ಲಿ ಇಂಗ್ಲಿಷ್ ತರಬೇಡಿ, ಕನ್ನಡವನ್ನೇ ಇಟ್ಟುಕೊಳ್ಳಿ. ನನ್ನ ಹತ್ತಿರ ಬಂದ ಕನ್ನಡದ ಹುಡುಗಿಯೊಬ್ಬಳಿಗೆ ಇದು ಹೇಳಿದ ದಿನವೇ ವಾಕ್ಯ ಅರ್ಧ ಸರಿಹೋಯಿತು.

ಲಿಖಿತ ಪರೀಕ್ಷೆಯಲ್ಲಿ ಅಡುಗೆಯ ಲೆಕ್ಕ ಬರುತ್ತದೆ: ಹತ್ತು ಜನರ ಅಳತೆಯನ್ನು ಇನ್ನೂರಕ್ಕೆ ಏರಿಸುವುದು, ಸಿಪ್ಪೆ ತೆಗೆದಮೇಲೆ ಎಷ್ಟು ಉಳಿಯುತ್ತದೆ, ಒಂದು ತಟ್ಟೆಗೆ ಖರ್ಚೆಷ್ಟು. ನೀವು ಇದನ್ನು ದಿನಾ ತಲೆಯಲ್ಲೇ ಮಾಡುತ್ತೀರಿ, ಕಾಗದದ ಮೇಲೆ ಮಾಡಿ ಅಭ್ಯಾಸವಿಲ್ಲ ಅಷ್ಟೆ. ತಯಾರಿಯ ತರಗತಿಗಳು ಸಂಜೆ ಹೊತ್ತು ನಡೆಯುತ್ತವೆ. ಉದ್ಯೋಗ ಕಚೇರಿಯಲ್ಲಿ ಬಿಲ್ಡುಂಗ್ಸ್‌ಗುಟ್‌ಶೈನ್ ಕೊಡುತ್ತೀರಾ ಅಂತ ಕೇಳಿ. ಅದು ಸಿಕ್ಕರೆ ಫೀಸು ಅವರೇ ಕಟ್ಟುತ್ತಾರೆ. ಕೊಡಲೇಬೇಕು ಅಂತ ಇಲ್ಲ, ಅಧಿಕಾರಿಗೆ ಬಿಟ್ಟದ್ದು. ಆದರೆ ಒಂಬತ್ತು ವರ್ಷ ಅಡುಗೆಮನೆಯಲ್ಲಿ ನಿಂತವರು ಕೇಳಿದರೆ ಇಲ್ಲ ಅನ್ನುವುದು ಅವರಿಗೂ ಸುಲಭವಲ್ಲ. ಒಬ್ಬರೇ ಹೋಗಲು ಹಿಂಜರಿಕೆ ಆದರೆ ವಲಸಿಗರ ಸಲಹಾ ಕೇಂದ್ರಗಳಿವೆ. ಎಂಬಿಇ ಅಂತ ಕೇಳಿದರೆ ದಾರಿ ತೋರಿಸುತ್ತಾರೆ, ಅಲ್ಲಿನ ಸಲಹೆಗೆ ದುಡ್ಡಿಲ್ಲ.

ಕೆಲಸದ ಪಟ್ಟಿಯನ್ನು ಈ ಭಾನುವಾರ ಬರೆದುಬಿಡಿ. ನನಗೂ ಒಂದು ಪ್ರತಿ ಕಳಿಸಿ, ಜರ್ಮನ್ನಿಗೆ ನಾನೇ ತಿರುಗಿಸಿ ಕೊಡುತ್ತೇನೆ. ಸಾಸಿನ ಹೆಸರುಗಳನ್ನು ಮಾತ್ರ ನೀವೇ ನೋಡಿಕೊಳ್ಳಬೇಕು. ಅದರಲ್ಲಿ ನಾನು ಇನ್ನೂ ಎ1.